ಏಳು ಮುಖ, ಮತ್ತೊಂದು

"ಕಣ್ಣು ಯಾವಾಗಪ್ಪಾ ಬರೆಯೋದು? ಹೋಗೋರು ಬರೋರು ಎಲ್ಲಾ ಕೇಳ್ತಾರೆ, ಇದೇನು ಕುರುಡರ ಸಂಘವಾ ಅಂತ," ಎಂದು ಗಿರಣಿಯ ಮಾಲೀಕ ಗೇಟಿನ ಬಳಿ ನಿಂತೇ ಕೂಗಿದ.

ಏಣಿಯ ಮೇಲಿದ್ದ ಪೇಂಟರ್ ತಿರುಗಲಿಲ್ಲ. "ಇವತ್ತೇ ಸ್ವಾಮೀ," ಎಂದ. ವಾರದಿಂದ ಅದನ್ನೇ ಹೇಳುತ್ತಿದ್ದ.

"ಇವತ್ತು ಸಂಜೆ ನಾನೇ ಬಂದು ಎದುರಿಗೆ ಕೂರ್ತೀನಿ. ಆಗದಿದ್ರೆ ಹೇಳಿಬಿಡು, ಫ್ಲೆಕ್ಸ್ ಹಾಕಿ ಗೋಡೆ ಮುಚ್ಚಿಸ್ತೀನಿ."

ಮಾಲೀಕನಿಗೆ ಅರವತ್ತು ತುಂಬುವುದಿತ್ತು. ತಾನು ಹುಟ್ಟಿದ ವರ್ಷವೇ ಹುಟ್ಟಿ ಲೋಕದಲ್ಲಿ ಹೆಸರು ಮಾಡಿದವರನ್ನೆಲ್ಲ ಗಿರಣಿಯ ಉದ್ದ ಗೋಡೆಯ ಮೇಲೆ ಬರೆಸಬೇಕು, ನಟ್ಟನಡುವೆ ತಾನಿರಬೇಕು ಎನ್ನುವುದು ಅವನ ಹಂಬಲ. ಮೊಮ್ಮಗಳಿಂದ ಹುಡುಕಿಸಿ ಚಿತ್ರಗಳನ್ನೂ ತಂದುಕೊಟ್ಟಿದ್ದ. ಆಕಾಶಕ್ಕೆ ಹೋಗಿ ಬಂದವನೊಬ್ಬ, ಓಟದಲ್ಲಿ ಯಾರನ್ನೂ ಮುಂದೆ ಬಿಡದವಳೊಬ್ಬಳು, ಯಾವುದೋ ಜ್ವರಕ್ಕೆ ಮದ್ದು ಕಂಡುಹಿಡಿದ ಡಾಕ್ಟರಮ್ಮ, ಜೈಲಿನಿಂದ ಹೊರಬಂದು ದೇಶ ಆಳಿದವನು, ಹೀಗೆ ಏಳು ಜನ. ಒಬ್ಬೊಬ್ಬರದು ಒಂದೊಂದು ದೇಶ. ಎಲ್ಲರ ಮುಖಕ್ಕೂ ಬಣ್ಣ ತುಂಬಿತ್ತು. ಕಣ್ಣಿನ ಜಾಗ ಮಾತ್ರ ಬೋಳಾಗಿತ್ತು.

ಪೇಂಟರ್ ಹುಟ್ಟಿದ್ದೂ ಅದೇ ವರ್ಷ. ಅದು ತಿಳಿದಾಗಿನಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಏಣಿ ಹತ್ತುವನು, ಇಳಿಯುವನು, ತೊಳೆದಿಟ್ಟ ಬ್ರಷ್ಷನ್ನೇ ಮತ್ತೆ ತೊಳೆಯುವನು.

"ಇವನು ನೋಡೇ, ನಮ್ಮ ವಯಸ್ಸಿನವನೇ. ಆಕಾಶದವರೆಗೂ ಹೋಗಿದಾನೆ."

ಕೆಳಗೆ ಡಬ್ಬದಲ್ಲಿ ಬಣ್ಣ ಕಲೆಸುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. "ನೀವೇನು ಕಮ್ಮಿ? ನೀವೂ ಆಯಸ್ಸೆಲ್ಲಾ ಮೇಲೇ ಕಳೆದ್ರಿ. ಊಟಕ್ಕೆ ಕರೆದ್ರೂ ಇಳೀತಿರಲಿಲ್ಲ."

ಸಣ್ಣ ಚಿತ್ರವನ್ನು ದೊಡ್ಡದಾಗಿ ಇಳಿಸಲು ಗೋಡೆಗೆ ಚೌಕ ಹಾಕುವುದು, ಬಣ್ಣ ತುಂಬುವುದು ಮದುವೆಯಾದಾಗಿನಿಂದ ಅವಳ ಕೆಲಸ. ಗೆರೆ ಅವನದು. ಕಣ್ಣಂತೂ ಅವನದೇ. ಎಲ್ಲ ಮುಗಿದ ಮೇಲೆ ಕಣ್ಣು, ಅದೂ ಹಿರಿಯ ಕೈಯಿಂದಲೇ ಆಗಬೇಕು ಎಂದು ಅವನ ಗುರು ಕಲಿಸಿದ್ದ. ಇಷ್ಟು ವರ್ಷದಲ್ಲಿ ಅವಳು ಒಂದು ಹಕ್ಕಿಯ ಕಣ್ಣನ್ನೂ ಬರೆದವಳಲ್ಲ. ಆದರೆ ಈಚೆಗೆ ಲೋಟ ಎತ್ತಿದರೆ ಅವನ ಅಂಗಿಯ ಮೇಲೆ ನೀರು ತುಳುಕುತ್ತಿತ್ತು. ಅವಳು ನೋಡಿಯೂ ನೋಡದವಳಂತೆ ಅರ್ಧ ಲೋಟ ನೀರು ಕೊಡುತ್ತಿದ್ದಳು.

ಸಂಜೆ ಮಾಲೀಕ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಗೋಡೆಯೆದುರು ಕುರ್ಚಿ ಹಾಕಿಸಿ ಕೂತ. ಮೀಸೆ ತೀಡಿಕೊಂಡು, "ಹೂಂ," ಎಂದ.

ಪೇಂಟರ್ ಏಣಿ ಹತ್ತಿ, ನಡುವಿನ ಮಾಲೀಕನ ಮುಖದೆದುರು ಸಣ್ಣ ಬ್ರಷ್ ಎತ್ತಿದ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಒತ್ತಿಹಿಡಿದು, ಉಸಿರು ಕಟ್ಟಿ ಒಂದು ಗೆರೆ ಎಳೆದ. ಗೆರೆ ರೆಪ್ಪೆಯ ಜಾಗ ಬಿಟ್ಟು ಕೆನ್ನೆಗೆ ಜಾರಿತು. ಬಟ್ಟೆಯಿಂದ ಒರೆಸಿದ. ಮತ್ತೆ ಎಳೆದ. ಮತ್ತೆ ಜಾರಿತು.

"ಏನಯ್ಯಾ, ನನ್ನ ಅಳಿಸ್ತಾ ಇದೀಯಾ?" ಎಂದು ಮಾಲೀಕ ಕುರ್ಚಿಯಿಂದ ಎದ್ದ. "ಕುಡಿದು ಬಂದಿದೀಯೇನು?"

"ಅಯ್ಯೋ, ಅವರು ಮುಟ್ಟೋದೂ ಇಲ್ಲ ಸ್ವಾಮೀ. ಬಿಸಿಲು ಹೊಡೆದಿದೆ, ಅಷ್ಟೇ," ಎಂದಳು ಹೆಂಡತಿ.

ಪೇಂಟರ್ ಒಂದೊಂದೇ ಮೆಟ್ಟಿಲು ಇಳಿದು ಬಂದ. "ಬಿಸಿಲಲ್ಲ," ಎಂದ. "ಕೈ ನಡುಗುತ್ತೆ. ಮೂರು ತಿಂಗಳಾಯ್ತು." ಬ್ರಷ್ಷನ್ನು ಅವಳ ಮುಂದೆ ಹಿಡಿದ. "ತಗೋ."

"ಇವರಾ?" ಎಂದ ಮಾಲೀಕ.

ಅವಳಿಗೂ ಗಾಬರಿ. "ರೀ, ನನಗೆಲ್ಲಿ ಬರುತ್ತೆ? ಮುಖಾನ ಮುಖದ ಥರ ನಾನು ಯಾವತ್ತು ನೋಡಿದೀನಿ? ನನಗೆ ಕಾಣೋದು ಚೌಕ."

"ಕಣ್ಣೂ ಒಂದು ಚೌಕದೊಳಗೇ ಇರೋದು. ಹತ್ತು."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಎತ್ತಿ ಓಟಗಾರ್ತಿಯ ಮುಖದ ಬಳಿ ಇಟ್ಟಳು.

"ಅಮ್ಮಾ, ನಂದು ಮೊದಲು!" ಎಂದ ಮಾಲೀಕ.

"ನಿಮ್ಮದು ಕೊನೆಗೆ ಸ್ವಾಮೀ. ಅಷ್ಟೊತ್ತಿಗೆ ಕೈ ಪಳಗಿರುತ್ತೆ. ಈಗಲೇ ಬರೆಸಿಕೊಂಡು ಮೆಳ್ಳೆಗಣ್ಣಾದ್ರೆ ನನ್ನ ಬಯ್ಯಬಾರದು."

ಮಾಲೀಕ ಮತ್ತೆ ಕುರ್ಚಿಯಲ್ಲಿ ಕೂತ.

ಅವಳು ಮೇಲೆ ಹೋದಳು. ಪೇಂಟರ್ ಓಡಿಹೋಗಿ ಎರಡೂ ಕೈಯಲ್ಲಿ ಏಣಿಯನ್ನು ಭದ್ರವಾಗಿ ಹಿಡಿದುಕೊಂಡ. ಅವಳು ಬ್ರಷ್ಷನ್ನು ಗೋಡೆಯ ಹತ್ತಿರ ಒಯ್ದು ಹಿಂದೆಗೆದಳು. ಮತ್ತೆ ಒಯ್ದಳು, ಮತ್ತೆ ಹಿಂದೆಗೆದಳು.

"ರೀ," ಎಂದಳು ಮೆಲ್ಲಗೆ, ಕೆಳಗೆ ನೋಡದೆ. "ಏಣಿ ಬಿಡಿ. ಅಲ್ಲಾಡ್ತಿದೆ."

ಅವನು ಕೈ ಬಿಟ್ಟ. ಆ ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ಕಂಕುಳಿಗೆ ಸಿಕ್ಕಿಸಿಕೊಂಡು ಹಿಂದೆ ಸರಿದ. ಇನ್ನೊಂದು ಹೆಜ್ಜೆ ಸರಿದ. ಮೇಲೆ ಅವಳ ಮೊಣಕೈ ಸ್ವಲ್ಪ ಸ್ವಲ್ಪವೇ ಆಡುತ್ತಿತ್ತು. ಬಹಳ ಹೊತ್ತಿನ ಮೇಲೆ ಅವಳು ತಲೆಯನ್ನು ಪಕ್ಕಕ್ಕೆ ವಾಲಿಸಿದಳು. ಅವಳ ಕಿವಿಯ ಹಿಂದಿನಿಂದ ಓಟಗಾರ್ತಿಯ ಒಂದು ಕಣ್ಣು, ಇನ್ನೂ ಹಸಿಹಸಿಯಾಗಿ, ಬೀದಿಯ ಕಡೆ ನೋಡುತ್ತಿತ್ತು.