ತಲೆ ಗುಂಡಗಿರುವುದಿಲ್ಲ

ಠಣ್ ಅಂದದ್ದು ಸರಿ, ಮುಂದಿನದೂ ಠಣ್, ಅದರ ಮುಂದಿನದು ಡಬ್ — ಡಬ್ ಅಂದರೆ ತಗಡಿನ ಕೆಳಗೆ ಉಕ್ಕಿನ ಗುಂಡು ತಾಗಿಲ್ಲ, ನಡುವೆ ಗಾಳಿ ಇದೆ, ಹಿತ್ತಾಳೆಯನ್ನು ಕೂದಲೆಳೆಯಷ್ಟು ಈಚೆಗೆ ಸರಿಸಬೇಕು, ಸರಿಸಿದೆ, ಠಣ್, ಹಾಂ, ಸಿಕ್ಕಿತು, ಕಣ್ಣಿಗೆ ಕಾಣದ್ದು ಕಿವಿಗೆ ಕಾಣುತ್ತದೆ ಎಂದು ಇಪ್ಪತ್ತಾರು ವರ್ಷ ಲೇತಿನ ಮುಂದೆ ನಿಂತವನಿಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಕೇಳಿಸುತ್ತಿರಲಿಲ್ಲ, ಆ ಗದ್ದಲದಲ್ಲಿ ಕಿವಿಗೆ ಹತ್ತಿ ತುರುಕಿಕೊಂಡೇ ಇರುತ್ತಿದ್ದೆನಲ್ಲ. ಮೂರು ಗಂಟೆಯ ಬಿಸಿಲು ಹಿಂಬದಿಯ ಕೋಣೆಯ ಕಿಟಕಿಯಿಂದ ಇಳಿದು ಶಿರಸ್ತ್ರಾಣದ ನೆತ್ತಿಯ ಮೇಲೆ ಕೂತಿದೆ, ಸುತ್ತಿಗೆಯ ಒಂದೊಂದು ಗುರುತಿನಲ್ಲೂ ಒಂದೊಂದು ಪುಟ್ಟ ಸೂರ್ಯ, ತಿರುಗಿಸಿದರೆ ಅಷ್ಟೂ ಸೂರ್ಯರು ಒಟ್ಟಿಗೆ ಜಾಗ ಬದಲಿಸುತ್ತಾರೆ, ಇದನ್ನು ನಾನು ಮಾಡಿದೆನೇ, ಈ ಕೈಯೇ, ನಂಬಿಕೆ ಬರುವುದಿಲ್ಲ. ಬೆನ್ನ ಹಿಂದೆ ಸ್ಟೂಲಿನ ಮೇಲೆ ತಂಗಿ ಕೂತಿದ್ದಾಳೆ, ಕಾಲು ಆಡಿಸುತ್ತಾ ಮಾತು ಬಾಯಿಪಾಠ ಮಾಡುತ್ತಿದ್ದಾಳೆ, ಆರೂವರೆಗೆ ನಾಟಕ, ಐದಕ್ಕೆ ಇವಳು ಬಣ್ಣಕ್ಕೆ ಕೂರಬೇಕು, ಅಷ್ಟರೊಳಗೆ ಇದು ಇವಳ ತಲೆಗೆ ಕೂರಬೇಕು. ಕೂರದಿದ್ದರೆ ಪಾತ್ರ ಇನ್ನೊಬ್ಬರಿಗೆ ಹೋಗುತ್ತದೆ.

ಮುದಿ ದಳವಾಯಿಯ ಪಾತ್ರ, ಗಂಡಸಿನದು, ನಮ್ಮ ತಂಡದಲ್ಲಿ ಗಂಡಸರಿಗೆ ಬರವೇನಿಲ್ಲ, ಆದರೆ ನಾಟಕ ಆಡಿಸುವ ಮೇಷ್ಟ್ರು ಇವಳ ದನಿ ಕೇಳಿದ ಮೇಲೆ ಬೇರೆ ಯಾರ ಕಡೆಗೂ ನೋಡಲಿಲ್ಲ, ಕೊನೆಯ ದೃಶ್ಯದಲ್ಲಿ ದಳವಾಯಿ ಒಂದು ಮಾತೂ ಆಡುವುದಿಲ್ಲ, ಶಿರಸ್ತ್ರಾಣ ತೆಗೆದು ಕೈಯಿಂದ ಜಾರಲು ಬಿಡುತ್ತಾನೆ, ಅದು ನೆಲಕ್ಕೆ ಬಿದ್ದು ಉರುಳಿ ಸುಮ್ಮನಾಗುವವರೆಗೆ ಯಾರೂ ಅಲುಗಾಡಬಾರದು, ಅಷ್ಟೇ ನಾಟಕ. ಅದಕ್ಕೇ ಲೋಹ ಬೇಕು, ರಟ್ಟಿನದು ಬಿದ್ದರೆ ರಟ್ಟಿನ ಸದ್ದೇ ಬರುತ್ತದೆ, ಹಿಂದಿನ ಸಾಲಿನವರು ನಗುತ್ತಾರೆ. ಮೇಷ್ಟ್ರು ಕೇಳಿದಾಗ ನಾನು ಬಡಾಯಿ ಕೊಚ್ಚಿಕೊಂಡೆ, ಅದೇನು ಮಹಾ, ನಾಲ್ಕು ನಿಮಿಷದ ಕೆಲಸ ಸಾರ್ ಎಂದೆ, ಸುಳ್ಳೂ ಅಲ್ಲ. ಈ ಗೋಡೆಯ ಮೇಲೆ ನೇತಾಡುವ ಕತ್ತಿ, ಗುರಾಣಿ, ಲಾಂದ್ರ, ಸೊಂಟಪಟ್ಟಿ ಎಲ್ಲ ಮೆಷಿನ್ನಿನ ಮಕ್ಕಳೇ, ಹಗಲು ಪಾತ್ರೆ ಕಾರ್ಖಾನೆಯಲ್ಲಿ ಮುಚ್ಚಳ, ರಜಾ ದಿನ ಇಲ್ಲಿ ರಾಜರು ಸೇನಾಪತಿಗಳು, ಹವ್ಯಾಸ ಅಂದರೆ ಹೀಗಿರಬೇಕು ಎಂದುಕೊಂಡಿದ್ದೆ.

ಲೇತನ್ನು ಬೈಯುವ ನಾಲಿಗೆ ನನಗಿಲ್ಲ, ಬೈದರೆ ತಿಂದ ಅನ್ನಕ್ಕೆ ದ್ರೋಹ, ಅದರ ಮುಂದೆ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ — ಚಪ್ಪಟೆ ತಗಡಿನ ಬಿಲ್ಲೆಯನ್ನು ಮರದ ಅಚ್ಚಿಗೆ ಒತ್ತಿ ತಿರುಗಲು ಬಿಡು, ಉದ್ದ ಹಿಡಿಯ ಸಲಾಕೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಮೆಲ್ಲಗೆ ತಾಗಿಸು, ತಗಡು ಹೆದರಿದ ಹಾಗೆ ಹಿಂದಕ್ಕೆ ಬಾಗುತ್ತದೆ, ಬಾಗಿ ಬಾಗಿ ಅಚ್ಚನ್ನು ಅಪ್ಪಿಕೊಳ್ಳುತ್ತದೆ, ನಿಲ್ಲಿಸಿ ತೆಗೆದರೆ ಬೋಗುಣಿ, ಒಂದು ಗೆರೆ ಇಲ್ಲ, ಒಂದು ಸುಕ್ಕಿಲ್ಲ, ನಿನ್ನ ಮುಖ ನಿನಗೇ ಕಾಣುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ, ನಮ್ಮಲ್ಲಿ ಕುಂಬಾರನಿಗೂ ನಿಮಿಷವೇ. ಹೀಗೆಯೇ ಇವಳ ಶಿರಸ್ತ್ರಾಣವನ್ನೂ ಊಟದ ವಿರಾಮದಲ್ಲಿ ತೆಗೆದೆ, ಸಹ ಕೆಲಸಗಾರರು ಡಬ್ಬಿ ಕೈಯಲ್ಲಿ ಹಿಡಿದೇ ಬಂದು ನಿಂತರು, ಮುಟ್ಟಿ ನೋಡಿದರು, ಒಬ್ಬ ತನ್ನ ತಲೆಯ ಮೇಲೇ ಇಟ್ಟುಕೊಂಡು ಗತ್ತಿನಿಂದ ಕೈ ತೊಳೆಯಲು ಹೋದ. ಅಳತೆ ಸರಿ ಇತ್ತು, ಕೂದಲಿನಷ್ಟೂ ತಪ್ಪಿರಲಿಲ್ಲ, ತಪ್ಪಿದ್ದು ಅಳತೆಯಲ್ಲ.

ಇವಳ ಉಣ್ಣೆಯ ಟೋಪಿ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು, ಇವಳು ಸ್ನಾನಕ್ಕೆ ಹೋಗಿದ್ದಳು, ನಾನು ಟೋಪಿಯ ಸುತ್ತ ದಾರ ಹಿಡಿದು, ದಾರ ಬಿಡಿಸಿ ಅಳೆದು, ಬಂದದ್ದನ್ನು ಇಪ್ಪತ್ತೆರಡು ಬೈ ಏಳರಿಂದ ಭಾಗಿಸಿ ವ್ಯಾಸ ತೆಗೆದೆ — ಲೇತಿನವನ ಬುದ್ಧಿ, ಲೋಕದಲ್ಲಿ ಇರುವುದೆಲ್ಲ ಗುಂಡಗೆ, ಕೊಳವೆ ಗುಂಡಗೆ, ಮುಚ್ಚಳ ಗುಂಡಗೆ, ತಂಗಿಯ ತಲೆಯೂ ಗುಂಡಗೆ. ಬೇರೆ ಯಾರಾಗಿದ್ದರೂ ಅವರ ಕೈ ತಾನಾಗಿಯೇ ತಲೆಯ ಕಡೆಗೆ ಹೋಗುತ್ತಿತ್ತು, ನನ್ನ ಕೈ ಮೊಳೆಯ ಕಡೆಗೆ ಹೋಯಿತು. ಗೊತ್ತಿಲ್ಲದೆ ಹೋಯಿತು ಎಂದು ಯಾರಿಗೆ ಹೇಳಲಿ, ನನಗೆ ನಾನೇ ಹೇಳಿಕೊಂಡರೂ ನಗು ಬರುತ್ತದೆ. ತಾಲೀಮಿನಲ್ಲಿ ಹಾಕಿಕೊಂಡಳು, ಮುಂದೆ ಹಿಂದೆ ಬಿಗಿ, ಎರಡು ಕಡೆ ಸಡಿಲ, ಹೆಜ್ಜೆ ಹಾಕಿದರೆ ವಾಲುತ್ತದೆ, ಎಡಕ್ಕೆ ವಾಲಿದಾಗಲೆಲ್ಲ ಅಂಚು ಕಿವಿಯ ಮೇಲಿನ ಆ ಹಳೆಯ ಪೆಟ್ಟಿನ ಜಾಗಕ್ಕೇ ತಾಗುತ್ತದೆ, ಮೂರನೆಯ ಮಾತಿಗೆ ಕಣ್ಣು ಕತ್ತಲಿಟ್ಟು ಕಂಬ ಹಿಡಿದುಕೊಂಡಳು, ಬಾಯಿಪಾಠ ಆಗಿದ್ದದ್ದೆಲ್ಲ ಮರೆತುಹೋಯಿತು. ಇವಳೇ ಮೊದಲು ನಕ್ಕಳು, ಅಣ್ಣನ ಕೆಲಸದಲ್ಲಿ ತಪ್ಪಿಲ್ಲ ಸಾರ್, ನನ್ನ ತಲೆಯೇ ಸರಿ ಇಲ್ಲ ಅಂದಳು, ಮೇಷ್ಟ್ರೂ ನಕ್ಕರು, ಆಮೇಲೆ ನಗು ನಿಲ್ಲಿಸಿ ನನ್ನನ್ನು ಪಕ್ಕಕ್ಕೆ ಕರೆದು, ಅವಳಿಗೆ ಏನಾದರೂ ಆದರೆ ನಾಟಕ ಕಟ್ಟಿಕೊಂಡು ಏನು ಮಾಡೋಣ, ಸರಿ ಕೂರೋದು ತಂದರೆ ಅವಳು, ಇಲ್ಲದಿದ್ದರೆ ಬೇರೆಯವರು ಎಂದರು, ನ್ಯಾಯವಾದ ಮಾತೇ. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಕೇಳಿದಳು, ಯಾವುದರ ಅಳತೆ ತಗೊಂಡೆ ಅಣ್ಣಾ. ಟೋಪಿಯದ್ದು ಎಂದೆ. ತಲೆ ಇಲ್ಲೇ ಇತ್ತಲ್ಲ, ಟೋಪಿ ಅಳೆದು ನನಗೇ ಟೋಪಿ ಹಾಕಿದೆ ಅಂದಳು.

ಮಾರನೆಯ ದಿನ ಸೀಸದ ಪಟ್ಟಿಯನ್ನು ತಾನೇ ತಲೆಗೆ ಸುತ್ತಿ ಒತ್ತಿಕೊಂಡು, ಆಕಾರ ಕೆಡದಂತೆ ಮೆಲ್ಲಗೆ ತೆಗೆದು ನನ್ನ ಮುಂದೆ ಇಟ್ಟಳು, ಅದನ್ನು ಕಾಗದದ ಮೇಲಿಟ್ಟು ಪೆನ್ಸಿಲ್ಲಿನಲ್ಲಿ ಸುತ್ತು ಗೆರೆ ಎಳೆದೆ, ಎಳೆದು ನೋಡುತ್ತಾ ಕೂತೆ, ಎಷ್ಟು ಹೊತ್ತು ಕೂತೆನೋ. ಮುಂದೆ ಕಿರಿದು, ಹಿಂದೆ ಅಗಲ, ಬಲಗಡೆ ತುಂಬಿಕೊಂಡು ಬಂದ ಗೆರೆ ಎಡಗಡೆ ಕಿವಿಯ ಮೇಲೆ ಬಂದಾಗ ಸ್ವಲ್ಪ ಒಳಕ್ಕೆ ಸರಿದು ಮತ್ತೆ ಹೊರಗೆ ಬರುತ್ತದೆ — ಇದು ಇವಳು, ಕಣ್ಣು ಮೂಗು ಬಾಯಿ ಏನೂ ಇಲ್ಲದೆಯೂ ಇವಳೇ, ಲೋಕದಲ್ಲಿ ಇನ್ನಾರ ಗೆರೆಯೂ ಹೀಗೆ ಹೋಗಿ ಹೀಗೆ ಬರುವುದಿಲ್ಲ. ಯಾವ ಅಚ್ಚಿಗೆ ಹಾಕಲಿ ಇದನ್ನು, ತಿರುಗುವ ಅಚ್ಚು ಗುಂಡಗೇ ಇರಬೇಕು, ಮೊಟ್ಟೆಯಾಕಾರದ ಲೇತು ನಮ್ಮಲ್ಲಿಲ್ಲ. ಸೋದರಮಾವನ ಪೆಟ್ಟಿಗೆ ಅಟ್ಟದ ಮೇಲಿತ್ತು, ಮಾವ ಕೈಯಲ್ಲೇ ಕೊಡ ಹಂಡೆ ಬಡಿದು ಬದುಕಿದವರು, ಮಕ್ಕಳಾಗಿದ್ದಾಗ ನಾವು ಅವರಿಗೆ ಡಬಡಬ ಮಾವ ಎನ್ನುತ್ತಿದ್ದೆವು, ನಾನು ಲೇತಿಗೆ ಸೇರಿದ ವರ್ಷ ಅವರ ಮುಂದೆ ನಿಂತು ನಿಮ್ಮ ಒಂದು ವಾರ ನನ್ನ ಒಂದು ಗಂಟೆ ಮಾವ ಎಂದಿದ್ದೆ, ಅವರು ಸುತ್ತಿಗೆಯ ಮುಖವನ್ನು ಅಂಗೈಗೆ ಉಜ್ಜಿಕೊಳ್ಳುತ್ತಾ, ಆಗಲಪ್ಪ, ಉಳಿದ ಗಂಟೆಗಳಲ್ಲಿ ಏನು ಮಾಡ್ತೀಯ ಎಂದು ಕೇಳಿದ್ದರು. ಪೆಟ್ಟಿಗೆ ತೆರೆದರೆ ಮರದ ಕೊಡತಿ, ಮೂರು ಸುತ್ತಿಗೆ, ಉಕ್ಕಿನ ಗುಂಡು, ಒಂದಕ್ಕೂ ತುಕ್ಕಿಲ್ಲ, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಟ್ಟು ಹೋಗಿದ್ದಾರೆ. ಯಾರಿಗೆ ಎಂದು ಸುತ್ತಿಟ್ಟರು.

ಒಂದು ವಾರ. ಮೊದಲ ತಗಡನ್ನು ಬಡಿದು ಬಡಿದು ಸೀಳಿದೆ, ಏಟು ತಿಂದಷ್ಟೂ ಹಿತ್ತಾಳೆ ಹಟ ಹಿಡಿಯುತ್ತದೆ, ಉರಿಯಲ್ಲಿ ಕಾಯಿಸಿ ತಾನಾಗಿ ಆರಲು ಬಿಟ್ಟರೆ ಮತ್ತೆ ಮಾತು ಕೇಳುತ್ತದೆ, ಇದನ್ನು ಕಲಿಯಲು ಎರಡು ದಿನ. ಆಮೇಲೆ ಮರಳಿನ ಚೀಲದ ಮೇಲೆ ಕೊಡತಿಯಿಂದ ಗುಳಿ, ಗುಂಡಿನ ಮೇಲೆ ಸುತ್ತಿಗೆಯಿಂದ ನಯ, ಕಾಯಿಸು, ಬಡಿ, ಕಾಯಿಸು, ಬಡಿ, ಚಪ್ಪಟೆ ಇದ್ದದ್ದು ಬಗ್ಗುತ್ತದೆ, ಬಗ್ಗಿದ್ದು ಏಳುತ್ತದೆ, ಉರಿಯ ಅಂಚಿನಲ್ಲಿ ನೀಲಿ, ನೇರಳೆ, ಹೆಸರಿಲ್ಲದ ಒಂದು ಬಣ್ಣ ಓಡಿಹೋಗುತ್ತವೆ, ನಾನು ಬಾಯಿ ತೆರೆದುಕೊಂಡು ನಿಲ್ಲುತ್ತೇನೆ, ಐವತ್ತು ದಾಟಿದ ಮೇಲೆ ಯಾರಾದರೂ ಹೀಗೆ ನಿಲ್ಲುತ್ತಾರೆಯೇ. ನಾನು ಎಷ್ಟು ಕೇಳಿದೆನೋ ಅಷ್ಟೇ ಅದು ಕೊಡುತ್ತದೆ, ಲೇತೂ ಅಷ್ಟೇ ಕೊಟ್ಟಿತ್ತು, ನಾನೇ ಟೋಪಿಯನ್ನು ಕೇಳಿದ್ದೆ.

ಹೆಲ್ಮೆಟ್ ಒಂದೇ ಇತ್ತು ಅವತ್ತು. ಇಬ್ಬರಿಗೆ ಒಂದು, ಸ್ಕೂಟರಿನ ಮುಂದೆ ನಾನು, ಹಿಂದೆ ಇವಳು, ತೊಡೆಯ ಮೇಲೆ ನಾಟಕದ ಸಾಮಾನಿನ ಚೀಲ, ನೀನು ಹಾಕ್ಕೊ ಎಂದು ನಾನು ಚಾಚಿದ್ದು ನಿಜ, ನೀನೇ ಹಾಕ್ಕೊ ಅಣ್ಣಾ, ಓಡಿಸೋನು ನೀನು ಎಂದು ಇವಳು ತಳ್ಳಿದ್ದೂ ನಿಜ, ಇನ್ನೊಂದು ಸಲ ಹೇಳಬಹುದಾಗಿತ್ತು, ಹೇಳಲಿಲ್ಲ, ತಿರುವಿನಲ್ಲಿ ಜಲ್ಲಿ, ನಾನು ಎದ್ದು ನಿಂತೆ, ನನ್ನ ತಲೆಯ ಮೇಲಿನ ಹೆಲ್ಮೆಟ್ಟಿಗೆ ಬರೀ ಒಂದು ಗೀರು. ಇವಳ ತಲೆಯಿಂದ ಒಡೆದ ಮೂಳೆಯ ಚೂರುಗಳನ್ನು ತೆಗೆದರು, ಇಷ್ಟು ಸಣ್ಣ ಜಾಗಕ್ಕೆ ಮೇಲೆ ಏನೂ ಮುಚ್ಚಬೇಕಿಲ್ಲ, ಪೆಟ್ಟು ತಾಗದಂತೆ ನೋಡಿಕೊಂಡರೆ ಸಾಕು ಎಂದರು ಡಾಕ್ಟರು, ಎರಡು ವರ್ಷವಾಯಿತು, ಕೂದಲು ಬೆಳೆದು ಮುಚ್ಚಿತು, ಇವಳು ತಲೆ ಬಾಚುವಾಗ ನಾನು ಪಕ್ಕದ ಕೋಣೆಗೆ ಹೋಗುತ್ತೇನೆ. ಇವಳು ಅದನ್ನೂ ನೋಡಿದ್ದಾಳೆ.

ಆಯಿತಾ ಅಣ್ಣಾ ಎನ್ನುತ್ತಾಳೆ, ಆಯಿತು, ಅಂಚು ಉಜ್ಜಿದೆ, ಎದ್ದು ಬಂದು ಹಾಕಿಕೊಂಡಳು, ವಾಲುವುದಿಲ್ಲ, ಕುಣಿದು ನೋಡಿದಳು, ತಲೆ ಕೊಡವಿದಳು, ಇವಳ ತಲೆಯ ಮೇಲೆ ಇವಳದೇ ಗೆರೆ ಬಂದು ಕೂತಿದೆ, ಬೆಳಕು ಅದರ ಮೇಲೆ ನಿಲ್ಲದೆ ಹರಿಯುತ್ತಿದೆ, ಇವಳ ಬೆನ್ನು ತಾನಾಗಿ ನೆಟ್ಟಗಾಯಿತು, ಎದುರಿಗೆ ನಿಂತದ್ದು ನನ್ನ ತಂಗಿ ಅಲ್ಲ, ಯುದ್ಧ ಕಂಡ ಮುದುಕ, ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆಮೇಲೆ ಮುದುಕ ಕಣ್ಣು ಕಿರಿದು ಮಾಡಿ, ಎಡಗಡೆ ಒಂಚೂರು ಒತ್ತುತ್ತೆ ಎಂದ. ಸೀಸದ ಪಟ್ಟಿಗೆ ಸಿಕ್ಕದ ಏನೋ ಉಳಿದಿದೆ, ಅಲ್ಲಿ ಹಿತ್ತಾಳೆಯನ್ನು ಒಳಗಿನಿಂದ ಹೊರಕ್ಕೆ ಎಬ್ಬಿಸಬೇಕು, ಎಲ್ಲಿ, ಎಷ್ಟಗಲ, ಎಷ್ಟು ಎತ್ತರ, ಒತ್ತುವ ಕಡೆ ಲಿಪ್‌ಸ್ಟಿಕ್ ಹಚ್ಚಿಕೊಂಡು ಹಾಕಿಕೋ, ಒಳಗೆ ಗುರುತು ಬೀಳುತ್ತೆ ಎಂದೆ, ಒಳ್ಳೆಯ ಉಪಾಯ, ಕಾರ್ಖಾನೆಯಲ್ಲಿ ನೀಲಿ ಬಣ್ಣ ಹಚ್ಚಿ ಮಾಡುವುದೇ ಅದು. ಇವಳು ಶಿರಸ್ತ್ರಾಣ ತೆಗೆದು ನನ್ನ ಕೈಗೆ ಕೊಟ್ಟು ಸ್ಟೂಲಿನ ಮೇಲೆ ಕೂತಳು, ಬೆನ್ನು ನನ್ನ ಕಡೆಗೆ, ಎಡಗಡೆಯ ಕೂದಲನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಹಿಡಿದುಕೊಂಡಳು.

ಎಷ್ಟು ದಿನ ಟೋಪಿಯನ್ನೇ ಅಳೀತೀಯ ಅಣ್ಣಾ, ಮುಟ್ಟಿ ನೋಡು, ನೋವಾಗಲ್ಲ.

ಗಡಿಯಾರ ನಾಲ್ಕು ಹೊಡೆಯಿತೋ ಇಲ್ಲವೋ, ಸುತ್ತಿಗೆ ಕೆಳಗಿಟ್ಟೆನೋ ಇಲ್ಲವೋ, ಅಂಗೈಯನ್ನು ಅಂಗಿಗೆ ಒರೆಸಿಕೊಂಡೆ, ಹಿತ್ತಾಳೆಯ ವಾಸನೆ ಹೋಗುವುದಿಲ್ಲ, ಬೆರಳುಗಳು ಮೊದಲು ಬಿಸಿ ಕೂದಲಿಗೆ, ಆಮೇಲೆ ಗಟ್ಟಿ ಮೂಳೆಗೆ, ಮೂಳೆಯ ಮೇಲೆ ಮೆಲ್ಲಗೆ ಸರಿದು ಒಂದು ಅಂಚಿಗೆ ಬಂದವು, ಅಂಚಿನ ಆಚೆ ನೆಲವಿಲ್ಲ, ಮೆತ್ತಗಿದೆ, ಹೆಬ್ಬೆರಳ ತುದಿಯಷ್ಟೇ ಅಗಲ, ಹೆಬ್ಬೆರಳು ಅಲ್ಲಿ ಕೂತಿತು, ಇಷ್ಟೇ ಎತ್ತರ ಎಬ್ಬಿಸಿದರೆ ಸಾಕು, ಇಲ್ಲಿಂದ ಇಲ್ಲಿಗೆ, ಅರ್ಧ ಗಂಟೆಯ ಕೆಲಸ, ಸಿಕ್ಕಿತಾ ಎಂದಳು, ಸಿಕ್ಕಿತು ಎಂದೆ, ಕೈ ತೆಗೆಯಬೇಕು, ಪೆನ್ಸಿಲ್ಲು ಎಲ್ಲಿ — ಏನೋ ಅಲುಗಿತು. ನನ್ನ ಬೆರಳು ಅಲ್ಲ, ನಾನು ಉಸಿರು ಕಟ್ಟಿ ನಿಂತಿದ್ದೇನೆ, ಕೆಳಗಿನಿಂದ, ಒಳಗಿನಿಂದ, ಮೇಲಕ್ಕೆ ಬಂದು ಹೆಬ್ಬೆರಳನ್ನು ತಟ್ಟಿ ಇಳಿಯಿತು, ಮತ್ತೆ ಬಂತು, ತೆಳ್ಳಗಿನ ಚರ್ಮದ ಅಡಿಯಲ್ಲಿ ಇವಳ ನಾಡಿ, ಇವಳೇ, ಇಷ್ಟು ಹತ್ತಿರ, ಒಂದು ವಾರದಿಂದ ಬಡಿಯುವವನು ನಾನೊಬ್ಬನೇ ಎಂದುಕೊಂಡಿದ್ದೆ, ಇದು ಎರಡು ವರ್ಷದಿಂದ, ಅವತ್ತು ಜಲ್ಲಿಯ ಮೇಲೆಯೂ, ನಾನು ಪಕ್ಕದ ಕೋಣೆಯಲ್ಲಿ ನಿಂತಿದ್ದಾಗಲೂ, ಒಂದು ಏಟೂ ತಪ್ಪದೆ, ಇವಳು ಮತ್ತೆ ತನ್ನ ಮಾತು ಹೇಳಿಕೊಳ್ಳಲು ಶುರು ಮಾಡಿದ್ದಾಳೆ, ದಳವಾಯಿಯ ಮಾತು, ನನಗೆ ಕೇಳಿಸುತ್ತಿಲ್ಲ, ಹೆಬ್ಬೆರಳ ಕೆಳಗೆ ಬಡಿಯುತ್ತಿದೆ, ತೆಗೆಯಬೇಕು, ತೆಗೆಯುತ್ತೇನೆ, ಇನ್ನೊಂದು ಸಲ, ಬಡಿಯುತ್ತಿದೆ, ಹೆಬ್ಬೆರಳ ಕೆಳಗೆ, ಬಡಿಯುತ್ತಿದೆ