ಬೋಲ್ಟಿನ ಕೆಳಗಿನ ಪೇಂಟ್

ದನದ ಡಾಕ್ಟರಾಗಿ ನಿವೃತ್ತರಾದ ನರಸಿಂಹರಾಜಪುರದ ಸುಬ್ರಾಯರು ಹಳೇ ವ್ಯಾನಿನೊಳಗೆ ಮಂಚ, ಒಲೆ, ಫ್ಯಾನು ಕೂರಿಸಿಕೊಂಡು ಊರೂರು ಸುತ್ತುತ್ತಿದ್ದರು. ಈ ವರ್ಷ ಮಳೆಗಾಲವಿಡೀ ಮನೆಯಲ್ಲಿದ್ದು ಮತ್ತೆ ಹೊರಟ ಮೇಲೆ ಒಂದೇ ಕಾಟ. ಎಂಜಿನ್ ಸ್ಟಾರ್ಟ್ ಆಗುತ್ತಿತ್ತು, ಆದರೆ ಫ್ಯಾನು, ದೀಪಕ್ಕೆಂದು ಹಿಂದೆ ಇಟ್ಟ ಬ್ಯಾಟರಿ ಎಷ್ಟು ದೂರ ಓಡಿಸಿದರೂ ಚಾರ್ಜ್ ಆಗುತ್ತಿರಲಿಲ್ಲ. ಎರಡು ಸಲ ಹೊಸ ಬ್ಯಾಟರಿ ಹಾಕಿಸಿ, ಮಾರಿದವನ ಜನ್ಮ ಜಾಲಾಡಿ, ಕೊನೆಗೆ ಕೊಪ್ಪದ ಎಲೆಕ್ಟ್ರಿಷಿಯನ್ ಮುಸವ್ವಿರನ ಅಂಗಡಿಗೆ ಬಂದರು.

"ಮೂರನೇದು ಹಾಕು ಮಾರಾಯ!" ಎಂದು ಗದರಿದರು.

ಮುಸವ್ವಿರ್ ಸ್ಪ್ಯಾನರ್ ಮುಟ್ಟಲಿಲ್ಲ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಗೆ ಮೀಟರ್ ಹಿಡಿದ. ಮುಳ್ಳು ಹನ್ನೆರಡು ವೋಲ್ಟಿನಲ್ಲಿತ್ತು; ಚಾರ್ಜ್ ಆಗುತ್ತಿದ್ದರೆ ಹದಿನಾಲ್ಕಿರಬೇಕು. ಬ್ಯಾಟರಿಯ ಮೈನಸ್ಸಿನಿಂದ ಒಂದು ಉದ್ದದ ವೈರು ಎಳೆದು ಎಂಜಿನ್ನಿಗೆ ಮುಟ್ಟಿಸಿದ. ಮುಳ್ಳು ಹದಿನಾಲ್ಕಕ್ಕೆ ಏರಿತು. ಆಮೇಲೆ ವ್ಯಾನಿನಡಿ ನುಸುಳಿ, ಬ್ಯಾಟರಿಯ ಮೈನಸ್ಸಿನಿಂದ ಬಂದ ಅರ್ತ್ ವೈರನ್ನು ವ್ಯಾನಿನ ತಗಡಿಗೆ ಬಿಗಿದಿದ್ದ ಬೋಲ್ಟ್ ಬಿಚ್ಚಿದ.

"ಮಳೆಗೆ ಮುಂಚೆ ತಳಕ್ಕೆ ಪೇಂಟ್ ಹೊಡೆದಿದ್ದು ಯಾರು ಡಾಕ್ಟ್ರೇ?"

"ನಾನೇ. ತುಕ್ಕು ಹಿಡೀಬಾರ್ದಲ್ಲ! ಒಂದೊಂದು ಬೋಲ್ಟೂ ಬಿಚ್ಚಿ ಹೊಡ್ದಿದೀನಿ."

"ಚೆಂದ ಹೊಡ್ದಿದೀರಿ. ವೈರಿನ ಕೆಳಗೂ ಬಿಟ್ಟಿಲ್ಲ. ಪೇಂಟ್ ದಾಟಿ ಕರೆಂಟ್ ಹೋಗೋದು ಹೆಂಗೆ?"

ರೂಪಾಯಿಯಗಲ ಪೇಂಟ್ ಕೆರೆದು, ಹೊಳೆಯುವ ತಗಡಿಗೆ ವೈರು ಬಿಗಿದು, ಮೇಲೆ ಗ್ರೀಸ್ ಸವರಿದ. ಮುಳ್ಳು ಹದಿನಾಲ್ಕರಲ್ಲಿ ಗಟ್ಟಿಯಾಗಿ ನಿಂತಿತು.

ಸುಬ್ರಾಯರ ಸಿಟ್ಟು ಜರ್ರನೆ ಇಳಿಯಿತು. ಎಂಥಾ ಕೈ ಇವನದು! ಮೂವತ್ತು ವರ್ಷ ಅವರು ಯಾವ ದನಕ್ಕೂ ಮೈ ಮುಟ್ಟಿ ನೋಡದೆ ಸೂಜಿ ಚುಚ್ಚಿದವರಲ್ಲ. ಈ ವ್ಯಾನಿಗೆ ಮಾತ್ರ ಎರಡು ಸಲ ಚುಚ್ಚಿದ್ದರು.