ನಿವಾಳಿಸಿದ ಮೇಲೆ

ಹಾಲು ತಳ ಹಿಡಿದ ವಾಸನೆ ಹಿತ್ತಲಿಗೂ ಬಂತು. ಹಿಂಡುತ್ತಿದ್ದ ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ಒಳಗೆ ಓಡಿದೆ. ಅವ್ವ ಒಲೆಯ ಮುಂದೆಯೇ ಕುಳಿತು ಬಾಣಂತಿಗೆ ತಿನ್ನಿಸುವ ಅಳ್ವಿ ಲಾಡು ಕಟ್ಟುತ್ತಿದ್ದಳು.

"ಏನಾತು, ಹಾವು ಕಂಡವರಂಗ ಓಡಿ ಬಂದಿ?"

"ಹಾಲು ಹೊತ್ತೈತಿ ಬೇ."

ಅವ್ವ ಪಾತ್ರೆಯತ್ತ ನೋಡಿದಳು. "ಹೌದಲ್ಲ! ನನ್ನ ಲಕ್ಷ್ಯ ಎಲ್ಲೈತೋ ಏನೋ," ಎಂದು ನಕ್ಕು ಇಳಿಸಿದಳು. ಅಷ್ಟು ನಗುವಂಥದ್ದೇನೂ ಅಲ್ಲಿರಲಿಲ್ಲ.

ಲಕ್ಷ್ಯ ಎಲ್ಲಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಂದು ಮಧ್ಯಾಹ್ನ ಶುಭಾಂಗಿ ಅಕ್ಕ ಬರುವವಳಿದ್ದಳು, ಕೂಸನ್ನು ಎತ್ತಿಕೊಂಡು, ಮೊದಲ ಸಲ. ಅಕ್ಕನನ್ನು ಕೊಟ್ಟಿದ್ದು ಕೃಷ್ಣೆಯ ಆಚೆ ದಂಡೆಗೆ, ಮಹಾರಾಷ್ಟ್ರಕ್ಕೆ. ನಮ್ಮ ಜುಗೂಳದ ದಂಡೆಯಲ್ಲಿ ನಿಂತರೆ ಅವರ ಊರಿನ ಗಿಡಗಳು ಕಾಣುತ್ತವೆ. ಆದರೆ ಅವಳನ್ನು ಬಾಣಂತನಕ್ಕೆ ಕರೆತರುವ ಹೊತ್ತಿಗೆ ಸರಿಯಾಗಿ ಗಡಿ ಮುಚ್ಚಿತು, ನಾವೆ ನಿಂತಿತು. ತವರಿನಲ್ಲಿ ಆಗಬೇಕಾದ ಮೊದಲ ಬಾಣಂತನ ಅತ್ತೆಯ ಮನೆಯಲ್ಲಿ ಆಯಿತು. ಅಕ್ಕನ ಅತ್ತೆ ಕಾಂಚನಬಾಯಿ ಫೋನು ಮಾಡಿದಾಗಲೆಲ್ಲ ಒಂದು ಮಾತು ಇದ್ದೇ ಇರುತ್ತಿತ್ತು: "ನಿಮ್ಮದು ಆರಾಮ ಐತಿ ಬಿಡ್ರಿ ಅಕ್ಕಾರ, ಫೋನಿನ್ಯಾಗ ಬಾಣಂತನ ಮುಗಿಸಿದ್ರಿ." ಅವ್ವನೂ ನಗುತ್ತಿದ್ದಳು. ಫೋನು ಇಟ್ಟ ಮೇಲೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಈಗ ಲಾಕ್‌ಡೌನ್ ಸಡಿಲವಾಗಿತ್ತು. ಅಂಗಡಿಗಳು ಸಂಜೆಯವರೆಗೂ ತೆರೆದಿರುತ್ತಿದ್ದವು, ಬಸ್ಸುಗಳು ಓಡಾಡುತ್ತಿದ್ದವು. ಆಚೆಯಿಂದ ಬರುವವರಿಗೆ ಮಾತ್ರ ನೆಗೆಟಿವ್ ರಿಪೋರ್ಟ್ ಬೇಕಿತ್ತು. ಹೊಳೆ ತುಂಬಿದ್ದರಿಂದ ಅವರು ಸುತ್ತು ಹಾಕಿ, ಕಾಗವಾಡದ ಗಡಿ ನಾಕಾ ದಾಟಿ, ಜೀಪಿನಲ್ಲಿ ಬರುತ್ತಿದ್ದರು.

ನನಗೆ ಆ ಹೊತ್ತಿದ ಹಾಲು ತಲೆಯಿಂದ ಹೋಗಲಿಲ್ಲ. ವಾರದ ಮೊದಲಲ್ಲಿ ಸೋಯಾ ಹೊಲದ ಕಳೆ ತೆಗೆಯಲು ಹೋದ ಅವ್ವ ಮೈ ನೋವೆಂದು ಬಂದು, ಗುಳಿಗೆ ನುಂಗಿ, ಕಂಬಳಿ ಹೊದ್ದು ಮಲಗಿದ್ದಳು. "ಮಳ್ಯಾಗ ನೆನದೀನಿ, ಅಷ್ಟ" ಅಂದಿದ್ದಳು. ಜ್ವರ ಇಳಿಯಿತು, ನಾವೂ ಮರೆತೆವು.

ನಾನು ತೊಳೆದು ಒಣಗಿಸಿದ್ದ ಇಂಗಿನ ಡಬ್ಬಿಗೆ ಚಿಟಿಕೆ ಅಕ್ಕಿಹಿಟ್ಟು ಹಾಕಿ ಅವ್ವನ ಮುಂದೆ ಹಿಡಿದೆ. "ಇದು ಹಳೇದಾಗೇತೇನು ನೋಡು ಬೇ."

ಅವ್ವ ಮೂಗಿನ ಹತ್ತಿರ ಒಯ್ದು ಉಸಿರೆಳೆದಳು. "ಎಲ್ಲಿ ಹಳೇದು? ಗಮ್ಮ್ ಅಂತೈತಿ."

ಅವ್ವ ನನ್ನ ಮುಖ ನೋಡಿ, ಬೆರಳಿಗೆ ಹಿಟ್ಟು ಹಚ್ಚಿಕೊಂಡು ನಾಲಿಗೆಗೆ ತಾಗಿಸಿ, ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು.

"ನನಗಽ ಪರೀಕ್ಷೆ ಇಡ್ತಿಯೇನು? ಡಿಗ್ರಿ ಓದಿಸಿದ್ದು ಇದಕ್ಕೇನು?"

"ವಾಸನಿ ಹೋಗಿ ಎಷ್ಟು ದಿನಾ ಆತವ್ವಾ?"

"ನೆಗಡಿ ಆದ್ರ ಯಾರಿಗಾದ್ರೂ ಹೋಗ್ತೈತಿ." ಆಮೇಲೆ ದನಿ ಇಳಿಸಿದಳು. "ಕೋಮಲಾ, ಒಂದ ದಿನಾ ನನ್ನ ಮನ್ಯಾಗ ಇರಲಿ ಕೂಸು. ಒಂದ ದಿನಾ. ಆಮ್ಯಾಲ ಎಲ್ಲಿಗೆ ಕರದ್ರೂ ಬರ್ತೀನಿ. ಯಾರ ಮುಂದೂ ಬಾಯಿ ಬಿಡಬ್ಯಾಡ."

ಆ ಮಾತು ನನಗೆ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಹೊರಗಿನವರು ಬಂದರೆ ನೀರು ಕೊಟ್ಟು ಒಳಗೆ ಸರಿಯುವವಳು ನಾನು.

ಅಪ್ಪ ಪಂಚಾಯ್ತಿಯ ನೀರು ಬಿಡುವ ಕೆಲಸ ಮುಗಿಸಿ ಬಂದಾಗ ಬಾಗಿಲಲ್ಲೇ ತಡೆದು ಎಲ್ಲ ಹೇಳಿದೆ. ಟವೆಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. "ನಾ ಹೇಳ್ತೀನಿ ತಗೋ. ನೀ ಸುಮ್ನಿರು," ಎಂದು ಅಡುಗೆಮನೆಗೆ ಹೋದ. ಅಲ್ಲಿಂದ ಒಂದು ಲಾಡು ತಿನ್ನುತ್ತ ಹೊರಬಂದು, ನನ್ನ ಕಡೆ ನೋಡದೆ ಅಂಗಳ ಗುಡಿಸತೊಡಗಿದ.

ಅಕ್ಕನ ನಂಬರು ಒತ್ತಿದೆ. ಎತ್ತಿದ್ದು ಕಾಂಚನಬಾಯಿ.

"ಹಾಂ ಕೋಮಲಾ, ನಾಕಾ ದಾಟಿದ್ವಿ! ನಿಮ್ಮ ಪೋಲೀಸ್ರು ಕೂಸಿಂದೂ ರಿಪೋರ್ಟ್ ಕೇಳ್ತಾರ ನೋಡು! ಏನವಾ, ಏನರೆ ತರೂದಿತ್ತೇನು?"

ಜೀಪಿನ ಸದ್ದು, ಅಕ್ಕನ ನಗು, ಸಣ್ಣದೊಂದು ಅಳು, ಎಲ್ಲ ಕೇಳಿಸುತ್ತಿತ್ತು.

"ಏನಿಲ್ರಿ," ಅಂದೆ. "ಬರ್ರಿ."

ಸಣ್ಣ ಮಳೆ ಹನಿಯುತ್ತಿರುವಾಗ ಜೀಪು ಬಂತು. ಅಕ್ಕನ ಗಂಡ ಸುರಜ ದಾಜಿ ಛತ್ರಿ ಬಿಚ್ಚಿದ. ಅಕ್ಕ ಕೂಸನ್ನು ದುಪಟಿಯಲ್ಲಿ ಸುತ್ತಿಕೊಂಡು ಹೊಸ್ತಿಲ ಮುಂದೆ ಬಂದು ನಿಂತಳು. ಪಕ್ಕದಲ್ಲಿ ಕಾಂಚನಬಾಯಿ. ಅವ್ವ ಒಂದು ಕೈಯಲ್ಲಿ ಜೋಳದ ಭಕ್ರಿಯ ತುಣುಕು, ಇನ್ನೊಂದರಲ್ಲಿ ನೀರಿನ ತಂಬಿಗೆ ಹಿಡಿದು ಹೊಸ ಸೀರೆಯಲ್ಲಿ ಬಾಗಿಲಿಗೆ ಬಂದಳು. ಮಾಸ್ಕು ಗದ್ದದ ಕೆಳಗಿತ್ತು.

ಅಪ್ಪನನ್ನು ನೋಡಿದೆ. ಅಪ್ಪ ತನ್ನ ಚಪ್ಪಲಿ ನೋಡುತ್ತಿದ್ದ.

ಅವ್ವ ಕೈ ಚಾಚಿ ಭಕ್ರಿಯನ್ನು ತಾಯಿ ಮಗುವಿನ ಸುತ್ತ ನಿವಾಳಿಸಿ, ಮುರಿದು ಎರಡೂ ಬದಿಗೆ ಒಗೆದಳು, ಅಕ್ಕನ ಪಾದಕ್ಕೆ ನೀರು ಸುರಿದಳು. ಹಾಗೆ ನಿವಾಳಿಸಿದ ಮೇಲೆ ಕೂಸು ಒಳಗೆ ಬರಲೇಬೇಕು. ಹೊಸ್ತಿಲು ದಾಟದೆ ಹೊರಳಿದರೆ ತೆಗೆದ ದೃಷ್ಟಿ ಮತ್ತೆ ಹತ್ತುತ್ತದೆ ಅನ್ನುತ್ತಾರೆ. ಅವ್ವ ತಂಬಿಗೆಯನ್ನು ಕೆಳಗಿಟ್ಟು ಎರಡೂ ಕೈ ಮುಂದೆ ಮಾಡಿದಳು. "ಕೊಡವಾ, ಕೊಡು ನನ್ನ ಬಂಗಾರನ್ನ."

ಅಕ್ಕ ದುಪಟಿ ಸರಿಸಿ ಕೂಸನ್ನು ಮುಂದಕ್ಕೆ ಚಾಚಿದಳು.

"ಮುಟ್ಟಬ್ಯಾಡವ್ವಾ."

ನನ್ನ ದನಿ ಅಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ. ಎಲ್ಲರೂ ನನ್ನತ್ತ ತಿರುಗಿದರು.

"ಕಾಯ ಝಾಲ? ಏನಾತು?" ಎಂದರು ಕಾಂಚನಬಾಯಿ.

"ಅವ್ವಗ ವಾಸನಿ ಬರವಲ್ದು. ಜ್ವರಾನೂ ಬಂದಿತ್ತು."

"ಸುಳ್ಳು!" ಅವ್ವನ ಕೈ ಇನ್ನೂ ಗಾಳಿಯಲ್ಲೇ ಇತ್ತು. "ಅಕ್ಕಗ ಕೂಸಾತಂತ ಹೊಟ್ಟಿಕಿಚ್ಚು ಇಕಿಗೆ. ನಂಬಬ್ಯಾಡ್ರಿ ಅಕ್ಕಾರ."

ಅಕ್ಕ ಕೂಸನ್ನು ಎದೆಗೆ ಎಳೆದುಕೊಂಡಳು, ಒಂದು ಹೆಜ್ಜೆ ಹಿಂದೆ ಸರಿದಳು. ಅದನ್ನು ನೋಡಿದ ಮೇಲೆ ಅವ್ವ ಕೈ ಇಳಿಸಿದಳು.

ಕಾಂಚನಬಾಯಿಯ ಮುಖ ಕೆಂಪಾಯಿತು. "ನಾವು ಮೂಗಿನ್ಯಾಗ ಕಡ್ಡಿ ಹಾಕಿಸ್ಕೊಂಡು ಕಣ್ಣಾಗ ನೀರು ತಂದ್ಕೊಂಡು ಬಂದೀವಿ. ನೀವು ಮನ್ಯಾಗ ಮುಚ್ಚಿಟ್ಕೊಂಡು ಕುಂತೀರಿ. ಮೊದಲ ಹೇಳಿದ್ರ ನಾಕಾದಿಂದ ಹೊಳ್ಳಿ ಹೋಗ್ತಿದ್ವಿ."

"ಹೊಳ್ಳೋಣು ನಡಿ ಆಯಿ," ತಾಯಿಗೆ ಹೇಳಿದ ದಾಜಿ.

"ಹೆಂಗ ಹೊಳ್ತಿ? ನಿವಾಳಿಸ್ಯಾರ!"

ಒಳಗೆ ಹೋಗುವಂತಿಲ್ಲ, ಹಿಂದೆ ತಿರುಗುವಂತಿಲ್ಲ. ಮಳೆ ಜೋರಾಯಿತು. ಕೂಸು ಅಳತೊಡಗಿತು. ನಾನು ಕೂಸಿಗೆ ಛತ್ರಿ ಹಿಡಿಯಲು ಮುಂದೆ ಬಂದೆ. ಅಕ್ಕ ಕಣ್ಣಲ್ಲೇ ನನ್ನನ್ನು ತಡೆದಳು.

"ನೀನೂ ಇದಽ ಮನ್ಯಾಗ ಅದಿ, ಕೋಮಲಾ."

ಹೌದು. ಅದನ್ನು ನಾನೇ ಯೋಚಿಸಿರಲಿಲ್ಲ. ಗೋಡೆಗೆ ಸರಿದೆ.

ಆಗ ಅವ್ವ ಯಾರಿಗೂ ಏನೂ ಹೇಳದೆ ಒಳಗೆ ತಿರುಗಿದಳು. ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು, ಹಿತ್ತಲ ಬಾಗಿಲೂ ತೆರೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅವ್ವ ಎಮ್ಮೆಯ ಕೊಟ್ಟಿಗೆಯನ್ನು ಬಳಸಿ ರಸ್ತೆಯ ಆಚೆ ಬದಿಯಲ್ಲಿ ಕಾಣಿಸಿಕೊಂಡಳು. ಮಾಸ್ಕು ಈಗ ಕಣ್ಣಿನ ಕೆಳಗಿನವರೆಗೂ ಇತ್ತು. ಹೊಸ ಸೀರೆ ನೆನೆಯುತ್ತಿತ್ತು.

"ಶುಭಾ," ಎಂದು ಕೂಗಿದಳು. "ಮನ್ಯಾಗ ಯಾರೂ ಇಲ್ಲ. ಗಾಳಿ ಆಡಾಕತ್ತೈತಿ. ಏನೂ ಮುಟ್ಟಬ್ಯಾಡ. ಬಲಗಾಲು ಇಟ್ಟು ದಾಟಿಸಿ ಹೊಳ್ಳು."

ಅಪ್ಪನೂ ನಾನೂ ಅಂಗಳದ ಮೂಲೆಗೆ ಹೋಗಿ ನಿಂತೆವು. ಅಕ್ಕ ಅತ್ತೆಯ ಮುಖ ನೋಡಿದಳು. ಕಾಂಚನಬಾಯಿ ತಮ್ಮ ಸೆರಗನ್ನು ಕೂಸಿನ ಮುಖದ ಮೇಲೆ ಹೊದಿಸಿ, "ಜಾ, ಹೋಗಿ ಬಾ," ಎಂದರು. ಅಕ್ಕ ಉಸಿರು ಬಿಗಿಹಿಡಿದು, ಯಾರೂ ಇಲ್ಲದ ತವರಿನ ಹೊಸ್ತಿಲು ದಾಟಿದಳು. ಒಳಗೆ ಹೋಗಿ ನಿಂತಳೋ ಇಲ್ಲವೋ, ತಿರುಗಿ ಬಂದುಬಿಟ್ಟಳು.

ಜೀಪು ಹತ್ತುವ ಮೊದಲು ಕಾಂಚನಬಾಯಿ ರಸ್ತೆಯತ್ತ ತಿರುಗಿದರು. ಬಯ್ಯುತ್ತಾರೆ ಅಂದುಕೊಂಡೆ.

"ದವಾಖಾನಿಗೆ ಹೋಗ್ರಿ ಅಕ್ಕಾರ, ಇವತ್ತಽ," ಎಂದರು. ದನಿಯಲ್ಲಿ ಸಿಟ್ಟು ಹಾಗೇ ಇತ್ತು.

ಜೀಪು ಹೋಯಿತು. ಅಪ್ಪ ಯಾರದಾದರೂ ಗಾಡಿ ಸಿಗುತ್ತದೋ ನೋಡಲು ಹೊರಟ. ಅವ್ವ ಕೊಟ್ಟಿಗೆಯ ಸೂರಿನಡಿ ಕಲ್ಲಿನ ಮೇಲೆ ಕುಳಿತು ಸೆರಗು ಹಿಂಡುತ್ತಿದ್ದಳು. ನಾನು ದೂರದಲ್ಲೇ ಒಣ ಸೀರೆಯನ್ನು ಗೂಟಕ್ಕೆ ಹಾಕಿ ನಿಂತೆ. ಅವಳು ನನ್ನತ್ತ ನೋಡಲಿಲ್ಲ. ಸೆರಗು ಹಿಂಡಿ ಮುಗಿಸಿ, ಎಮ್ಮೆಗೆ ಕೇಳುವವಳಂತೆ ಕೇಳಿದಳು:

"ಫೋನಿನ್ಯಾಗ ಕಂಡಂಗ ಐತೇನು ಕೂಸು?"

ನಾನು ಕೂಸನ್ನು ನೋಡಿಯೇ ಇರಲಿಲ್ಲ. ಅಷ್ಟು ಹೊತ್ತೂ ಅವ್ವನ ಕೈಗಳನ್ನೇ ನೋಡುತ್ತಿದ್ದೆ.

"ಅದಕಿಂತ ಚಂದ ಐತಿ ಬೇ," ಅಂದೆ.